ಬೋಳು ಟೈರಿಗೆ ಹರಳೆಣ್ಣೆ

ಕಂಬಳಿ ಇದ್ದವರು ಹೊದ್ದುಕೊಳ್ಳಿ, ಇಲ್ಲದವರು ಒಲೆ ಹತ್ತಿರ ಸರೀರಿ. ಇದು ಚಳಿಯಲ್ಲಿ ನಡೆದ ಸಂಗತಿ.

ಗುಂಡ್ಲುಪೇಟೆ ಸೀಮೆಯಿಂದ ಹೋಗಿ ಊಟಿ ಬೆಟ್ಟದ ಮೇಲೆ ಕ್ಯಾರೆಟ್ ಬೆಳೆದುಕೊಂಡಿದ್ದ ಚಿಕ್ಕತಾಯಮ್ಮನಿಗೆ ಇಬ್ಬರು ಮಕ್ಕಳು. ಮಗಳು ಮಂಗಳಿ, ಮಗ ದುಂಡ. ಗಂಡ ತೀರಿಹೋಗುವಾಗ ಬಿಟ್ಟುಹೋದದ್ದು ಒಂದು ಹಳೇ ಕಾರು. ಹಟ್ಟಿಗೆಲ್ಲ ಅದೊಂದೇ ಕಾರು. ದುಂಡನ ಕೈಕಾಲಿಗೆ ಗಾಡಿ ಚೆನ್ನಾಗಿ ಬರುತ್ತಿತ್ತು, ತಲೆಗೆ ಮಾತ್ರ ಮಾತು ಬರುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಲೆ ಮೇಲೆ ನೀರಿಡು ಅಂದರೆ ಇಡುತ್ತಿದ್ದ, ಉರಿ ಹಚ್ಚುತ್ತಿರಲಿಲ್ಲ. ಯಾಕಪ್ಪ ಅಂದರೆ ನೀನು ಹೇಳಲಿಲ್ಲವಲ್ಲ ಅನ್ನುತ್ತಿದ್ದ. ಇವನನ್ನು ಹೆತ್ತು ನಾನು ಹಣೆ ಚಚ್ಚಿಕೊಳ್ಳೋದೇ ಆಯ್ತು ಅಂತ ಚಿಕ್ಕತಾಯಮ್ಮ ಅನ್ನದ ದಿನವಿಲ್ಲ.

ಆ ವರ್ಷ ಪುಷ್ಯ ಮಾಸದಲ್ಲಿ ಮಂಗಳಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಸ್ಪತ್ರೆ ಇರುವುದು ಕೆಳಗಿನ ಪೇಟೆಯಲ್ಲಿ. ನಡುವೆ ಹದಿನಾಲ್ಕು ತಿರುವು. ಬೆಳಗಾಗೆದ್ದು ನೋಡಿದರೆ ಇಬ್ಬನಿ ಹೆಪ್ಪುಗಟ್ಟಿ ರಸ್ತೆಯೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು. ಹಿಂದಿನ ವಾರ ಹಾಲಿನ ವ್ಯಾನು ಮೂರನೇ ತಿರುವಿನಲ್ಲಿ ಜಾರಿ ಚರಂಡಿಗೆ ಮಗುಚಿತ್ತು. ಅವತ್ತಿನಿಂದ ಚಿಕ್ಕತಾಯಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಪೇಟೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಹೈದರ್ ಸಾಬರು ಒಂದು ದಿನ ಹಟ್ಟಿಗೆ ಬಂದಿದ್ದರು. ಅವರನ್ನೇ ಕರೆದು ಗಾಡಿ ತೋರಿಸಿದಳು. ಸಾಬರು ಟೈರಿನ ಮೇಲೆ ಬೆರಳಾಡಿಸಿ, ಗೀರೆಲ್ಲ ಸವೆದು ಬೋಳಾಗಿದೆಯಮ್ಮ, ಬೋಳು ಟೈರಿಗೆ ಹಿಡಿತ ಇರಲ್ಲ, ಹೊಸದು ತರಿಸಿಕೊಡ್ತೀನಿ, ಒಂದು ವಾರ ಬೇಕು ಅಂದರು. ಚಿಕ್ಕತಾಯಮ್ಮನಿಗೆ ವಾರ ಅನ್ನುವುದು ವರ್ಷದ ಹಾಗೆ ಕೇಳಿಸಿತು.

"ಬೋಳಾಗಿದೆಯಂತಲ್ಲೋ ಮಗ. ಅಲ್ಲೀವರೆಗೆ ಅದಕ್ಕೇನಾದ್ರೂ ಮಾಡು" ಅಂದಳು.

"ಹೂಂ ಕಣವ್ವ, ಹಂಗೇ ಮಾಡ್ತೀನಿ" ಅಂದ ದುಂಡ.

ಬೋಳಿಗೆ ಮದ್ದು ಯಾವುದು? ಹರಳೆಣ್ಣೆ. ಅವ್ವ ಬಾಣಂತನಕ್ಕೆ ಅಂತ ಇಟ್ಟಿದ್ದ ಎಣ್ಣೆಯನ್ನು ತಂದು ನಾಲ್ಕೂ ಟೈರಿಗೆ ತಿಕ್ಕಿ ತಿಕ್ಕಿ ಹಚ್ಚಿದ. ಮಾರನೇ ದಿನ ಗಾಡಿ ತೆಗೆದನೋ ಇಲ್ಲವೋ, ಅದು ಅಂಗಳದ ಇಳಿಜಾರಿನಲ್ಲಿ ಸೊಂಟ ತಿರುಗಿಸಿಕೊಂಡು ಹೋಗಿ ತಿಪ್ಪೆಯೊಳಗೆ ಮೂತಿ ಇಟ್ಟು ನಿಂತಿತು. ಗಾಡಿಯಲ್ಲಿ ಮಂಗಳಿ ಇರಲಿಲ್ಲವಲ್ಲ ಅಂತ ಚಿಕ್ಕತಾಯಮ್ಮ ಮಾದಪ್ಪನಿಗೆ ಕೈಮುಗಿದಳು. ಆಮೇಲೆ ಬೂದಿ ಹಾಕಿ ಎಣ್ಣೆ ಉಜ್ಜಿ ತೆಗೆಸುತ್ತಾ ಮಗನಿಗೆ ಬುದ್ಧಿ ಹೇಳಿದಳು. ಎಣ್ಣೆ ಹಚ್ಚಿದರೆ ಜಾರದೆ ಇನ್ನೇನಾಗುತ್ತೆ? ಟೈರಿಗೆ ಚಳಿ ಆಗಬಾರದು, ಚಳಿಗೆ ರಬ್ಬರು ಕೊರಡಿನ ಹಾಗೆ ಗಟ್ಟಿಯಾಗುತ್ತೆ, ಗಟ್ಟಿಯಾದರೆ ನೆಲ ಕಚ್ಚಲ್ಲ ಅಂತ ಸಾಬರು ಹೇಳಿದ್ದರು. ಅದನ್ನೇ ಹೇಳಿ, ಬೆಚ್ಚಗಿರೋ ಹಾಗೆ ನೋಡ್ಕೋ ಅಂದಳು.

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಎರಡು ದಿನ ಕಳೆದು ಕೋಳಿ ಕೂಗುವ ಹೊತ್ತಿಗೆ ಮಂಗಳಿ ಹೊಟ್ಟೆ ಹಿಡಿದುಕೊಂಡು ಎದ್ದಳು. ಚಿಕ್ಕತಾಯಮ್ಮ ಅಂಗಳಕ್ಕೆ ಓಡಿದಳು. ಗಾಡಿ ನಾಲ್ಕು ಕಲ್ಲಿನ ಮೇಲೆ ಕೂತಿದೆ, ಚಕ್ರ ಒಂದೂ ಇಲ್ಲ. ಒಳಗೆ ಬಂದು ನೋಡಿದರೆ ದುಂಡ ಬರೀ ನೆಲದ ಮೇಲೆ ನಡುಗುತ್ತಾ ಮಲಗಿದ್ದಾನೆ. ಅವನ ಹಾಸಿಗೆಯಲ್ಲಿ ನಾಲ್ಕು ಚಕ್ರ ಸಾಲಾಗಿ ಕಂಬಳಿ ಹೊದ್ದುಕೊಂಡು ಮಲಗಿವೆ.

ಚಿಕ್ಕತಾಯಮ್ಮ ಕಂಬಳಿ ಕಿತ್ತೆಸೆದಳು. ಮಗಳ ಬೆನ್ನು ನೀವುತ್ತಾ, ಇನ್ನೊಂದು ಕೈಯಲ್ಲಿ ಚಕ್ರ ಉರುಳಿಸುತ್ತಾ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಪುಣ್ಯಕ್ಕೆ ಅದು ಸುಳ್ಳು ನೋವು. ಬಿಸಿಲೇರುವ ಹೊತ್ತಿಗೆ ಇಳಿಯಿತು. ಆಮೇಲೆ ಅವಳು ದುಂಡನನ್ನು ಕೂರಿಸಿಕೊಂಡು, ಆಕಾಶ ಕಳಚಿ ಬಿದ್ದರೂ ಆ ಗಾಡಿಯ ಚಕ್ರ ಬಿಚ್ಚಬೇಡ, ಯಾರಿಗೂ ಬಿಚ್ಚೋಕೆ ಬಿಡಬೇಡ ಅಂತ ತಲೆ ಮುಟ್ಟಿಸಿಕೊಂಡು ಆಣೆ ಹಾಕಿಸಿದಳು.

ವಾರ ತುಂಬಿತು. ಹೊಸ ಟೈರು ಬಂದಿದೆ ಅಂತ ಸುದ್ದಿ ಬಂತು. ದುಂಡ ಪೇಟೆಗೆ ಹೋದ. ಮೂರು ಗಂಟೆಗೆ ಬರಬೇಕಾದವನು ಐದಾದರೂ ಬರಲಿಲ್ಲ. ಚಿಕ್ಕತಾಯಮ್ಮ ರಸ್ತೆಗೆ ಬಂದು ನಿಂತಳು, ಒಳಗೆ ಹೋದಳು, ಮತ್ತೆ ಬಂದು ನಿಂತಳು. ಕೊನೆಗೆ ಗಾಡಿ ಬಂತು. ಕೆಳಗೆ ನಾಲ್ಕು ಬೋಳು ಟೈರು, ಹೊಸ ಟೈರು ನಾಲ್ಕೂ ಹಗ್ಗ ಬಿಗಿದು ತಲೆ ಮೇಲೆ. ಸಾಬರು ಜಾಕು, ಸ್ಪ್ಯಾನರು ಹಿಡಿದುಕೊಂಡು ಹತ್ತಿರ ಬಂದಾಗಲೆಲ್ಲ ಇವನು ಚಕ್ರ ತಬ್ಬಿಕೊಂಡು ಕೂತನಂತೆ. ಅವ್ವನ ಮೇಲೆ ಆಣೆ ಇದೆ ಅಂದನಂತೆ.

ಮಾರನೇ ದಿನ ಸಾಬರೇ ಬಸ್ಸು ಹತ್ತಿ ಬಂದರು. ಚಿಕ್ಕತಾಯಮ್ಮ ಮಗನ ಎರಡೂ ಕೈ ಹಿಡಿದುಕೊಂಡು ಕೂತ ಮೇಲೆ ಟೈರು ಬದಲಾಯಿತು. ಹೋಗುವಾಗ ಸಾಬರು, ಹೊಸ ಟೈರು ಅಂತ ಮೈಮರೀಬೇಡಿ, ಹೆಪ್ಪುಗಟ್ಟಿದ ರಸ್ತೆಯಲ್ಲಿ ಗಾಡಿ ಅಂದುಕೊಂಡ ಜಾಗದಲ್ಲಿ ನಿಲ್ಲಲ್ಲ, ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬಾರದು ಅಂತ ಎಚ್ಚರಿಸಿದರು.

ಆ ಮಾತು ಚಿಕ್ಕತಾಯಮ್ಮನ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ತನ್ನ ಸ್ವಭಾವವೂ ಅವಳಿಗೆ ಗೊತ್ತಿತ್ತು. ಮಗಳು ಒಂದು ಸಲ ನರಳಿದರೆ ಸಾಕು, ಬೇಗ ಬೇಗ ಅಂತ ತಾನೇ ಅವನನ್ನು ಅವಸರಪಡಿಸುವವಳು.

"ನೋಡು ಮಗ," ಅಂದಳು, "ಮುಂದೆ ಗಾಡಿ ಇದ್ರೆ ಮೂವತ್ತು ಮಾರು ಹಿಂದೇನೇ ಇರು. ಅದು ನಿಂತ್ರೆ ನೀನೂ ನಿಲ್ಲು. ಅದು ಹೊರಟ ಮೇಲೇ ನೀನು ಹೊರಡು. ನಾನೇ ಹೋಗು ಹೋಗು ಅಂತ ಬಡ್ಕೊಂಡ್ರೂ ಕೇಳಬೇಡ."

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಮೂರನೇ ದಿನ ಮುಂಜಾನೆ ನಿಜವಾದ ನೋವು ಬಂತು. ಹುಲ್ಲು, ಬೇಲಿ, ರಸ್ತೆ ಎಲ್ಲ ಬೆಳ್ಳಗೆ. ಹಿಂದಿನ ಸೀಟಿನಲ್ಲಿ ಮಗಳ ತಲೆ ತೊಡೆ ಮೇಲಿಟ್ಟುಕೊಂಡು ಚಿಕ್ಕತಾಯಮ್ಮ ತಿರುವು ಎಣಿಸಿದಳು. ಮೂರನೇ ತಿರುವಿನಲ್ಲಿ ಗಾಡಿಯ ಹಿಂಭಾಗ ಒಂದು ಮೊಳ ಪಕ್ಕಕ್ಕೆ ಸರಿಯಿತು. ಅವಳು ಮಗಳನ್ನು ಅವುಚಿಕೊಂಡಳು. ದುಂಡ ಬ್ರೇಕು ತುಳಿಯಲಿಲ್ಲ, ಮೆಲ್ಲಗೆ ಸ್ಟೇರಿಂಗ್ ತಿರುಗಿಸಿದ. ಟೈರು ನೆಲ ಕಚ್ಚಿತು. ಮುಂದೆ ಕ್ಯಾರೆಟ್ ಲಾರಿಯೊಂದು ಅಡ್ಡಾಡಿಕೊಂಡು ಹೋಗುತ್ತಿತ್ತು. ಅದು ಒಂದು ಸಲ ಗಕ್ಕನೆ ನಿಂತಾಗಲೂ ದುಂಡ ಮೂವತ್ತು ಮಾರು ಹಿಂದೆ ಸುಮ್ಮನೆ ನಿಂತ. ಇಂಥ ಮಗನನ್ನು ಎಷ್ಟು ಬೈದೆನಲ್ಲ ಅಂತ ಚಿಕ್ಕತಾಯಮ್ಮನ ಕಣ್ಣು ತುಂಬಿತು.

ಹದಿನಾಲ್ಕೂ ತಿರುವು ಮುಗಿದು ಗಾಡಿ ಆಸ್ಪತ್ರೆ ಗೇಟು ದಾಟಿತು. ದಾಟಿದ್ದೇ ಅಲ್ಲೇ ನಿಂತಿತು. ಬಾಗಿಲ ಹತ್ತಿರ ಒಂದು ಜೀಪು ನಿಂತಿದೆ ಅಂದ ದುಂಡ. ಚಿಕ್ಕತಾಯಮ್ಮ ಹೋಗು ಅಂದಳು. ಬಡಿದುಕೊಂಡಳು. ಬೆನ್ನಿಗೆ ಗುದ್ದಿದಳು. ನೀನು ಹಿಂಗೇ ಅಂತೀಯ ಅಂತ ನೀನೇ ಹೇಳಿದ್ದೆಯಲ್ಲವ್ವ ಅಂದ. ಮಂಗಳಿ ನೋವಿನಲ್ಲೂ ನಕ್ಕು, ನಾನೇ ನಡೀತೀನಿ ಅಂತ ಇಳಿದಳು. ಆಯಾ ಗಾಲಿಕುರ್ಚಿ ತಳ್ಳಿಕೊಂಡು ಎದುರಿಗೆ ಓಡಿ ಬಂದಳು.

ಬಿಸಿಲಿಗೆ ಇಬ್ಬನಿ ಕರಗುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಎಷ್ಟೋ ದಿನದ ಮೇಲೆ ಚಿಕ್ಕತಾಯಮ್ಮನ ಎದೆ ಸುಮ್ಮನಾಯಿತು. ಮಗನಿಗೆ ಹೇಳೋಣ ಅಂತ ಮಧ್ಯಾಹ್ನ ಹೊರಗೆ ಬಂದಳು. ದುಂಡ ಸ್ಟೇರಿಂಗ್ ಹಿಡಿದು ಗೇಟಿನ ಹತ್ತಿರವೇ ಕೂತಿದ್ದ. ಮುಂದಿನ ಜೀಪನ್ನು ಆಗಲೇ ಅವಳು ಸರಿಯಾಗಿ ನೋಡಿದ್ದು. ಅದಕ್ಕೆ ಚಕ್ರವಿರಲಿಲ್ಲ, ಬಾಗಿಲಿರಲಿಲ್ಲ, ಬಾನೆಟ್ಟಿನಿಂದ ಆಳೆತ್ತರದ ಗಿಡ ಎದ್ದಿತ್ತು.

"ಹೆಣ್ಣು ಮಗು ಕಣಪ್ಪ. ಇಳಿದು ಬಾ, ಸೋದರಮಾವ, ನೋಡುವಂತೆ" ಅಂದಳು.

ದುಂಡ ಜೀಪಿನ ಮೇಲಿಟ್ಟ ಕಣ್ಣು ಕೀಳಲಿಲ್ಲ.

"ಬಂದೆ ಕಣವ್ವ. ಇನ್ನೇನು ಹೊರಡುತ್ತೆ, ಡ್ರೈವರ್ ಟೀ ಕುಡಿಯೋಕೆ ಹೋಗಿರಬೇಕು."