ಗೂಟದವ್ವನ ಗುಡ್ಡ

ಮಳೆಗಾಲ ಮುಗಿದು ಜಲಾಶಯ ತುಂಬಿ ನಿಂತಾಗ ಬಡಗಣ ದಂಡೆಯಿಂದ ನೋಡಿದರೆ ಕಣ್ಣು ಹಾಯುವಷ್ಟೂ ನೀರೇ. ಅದರ ನಡುವೆ ಮುಕ್ಕಾಲು ಮುಳುಗಿದ ಒಂದು ಬೋಳು ಗುಡ್ಡವಿದೆ. ಗುಡಿಯಿಲ್ಲ, ಮರವಿಲ್ಲ. ನೀರಂಚಿನಿಂದ ನೆತ್ತಿಯ ಕಡೆಗೆ ಅಂಕುಡೊಂಕಾಗಿ ಏರುವ ಜಾಲಿ ಗೂಟಗಳ ಸಾಲು ಮಾತ್ರ ಇದೆ. ನೋಡಬಂದವರು ದೋಣಿ ಕಟ್ಟುವ ಗೂಟ ಎಂದುಕೊಂಡು ಅವಕ್ಕೊರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಕೆಳಗೆ ಒಂದು ಊರು ಮಲಗಿದೆ ಎಂದು ನೀರಿನ ಮೇಲೆ ಯಾರೂ ಬರೆದಿಟ್ಟಿಲ್ಲವಲ್ಲ.

ಹಿಂದೆ ಒಮ್ಮೆ, ಈಗಿನ ಮುದುಕರ ಅಜ್ಜಿಯರು ಗಟ್ಟಿಮುಟ್ಟಾಗಿದ್ದ ಕಾಲಕ್ಕೆ, ಅಲ್ಲಿ ಮಳಲಗಡ್ಡಿ ಎಂಬ ಊರಿತ್ತು ಎನ್ನುತ್ತಾರೆ. ಹೊಳೆ ಊರಿನ ಕಾಲಬುಡದಲ್ಲೇ ಹರಿಯುತ್ತಿತ್ತು. ವರ್ಷಕ್ಕೊಮ್ಮೆ ಊರೊಳಗೆ ಬಂದು, ಮೂರು ದಿನ ಬೀಗರ ಹಾಗೆ ಇದ್ದು, ಹೋಗುವಾಗ ಎರೆಹೊಲಕ್ಕೆ ಮೆಕ್ಕಲುಮಣ್ಣು ಕೊಟ್ಟು ಹೋಗುತ್ತಿತ್ತು. ಹೊಳೆ ಬರುವ ಸೂಚನೆ ಕಂಡರೆ ಮಂದಿ ಬಿತ್ತನೆಯ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಕಲ್ಲು ಹೇರಿ, ಬೂದಿ ಕಲಸಿದ ಕೆಮ್ಮಣ್ಣು ಮೆತ್ತಿ ಗುಡ್ಡ ಹತ್ತುತ್ತಿದ್ದರು. ಮೂರು ದಿನದ ನೀರಿಗೆ ಹಗೇವು ಜಗ್ಗುತ್ತಿರಲಿಲ್ಲ. ನೀರನ್ನು ಅಳೆಯುವ ಕೆಲಸ ಅಂಬಿಗರ ಸಾವಂತ್ರೆವ್ವನದು. ಆಕೆ ನೀರಂಚಿಗೆ ಒಂದು ಜಾಲಿ ಗೂಟ ನೆಡುವಳು, ಅದು ಮುಳುಗಿದರೆ ಮೇಲೊಂದು ನೆಡುವಳು. ಇಳಿತ ಬಿದ್ದಾಗ ಮೇಲಿನಿಂದ ಒಂದೊಂದೇ ಕೀಳುತ್ತ ಬರುವಳು. ಕಿತ್ತ ಗೂಟಗಳನ್ನು ಉರುವಲು ಮಾಡಿ ಅವ್ವ ತನ್ನ ಮನೆಯ ಒಲೆ ಹಚ್ಚಿದ ಮೇಲೆಯೇ ಉಳಿದವರ ಒಲೆ ಹೊತ್ತಬೇಕು. ಗಂಡ ಹೊಳೆಯ ಪಾಲಾಗಿದ್ದರೂ ಆಕೆ ಹೊಳೆಯನ್ನು ಬೈದದ್ದಿಲ್ಲ. ಆಕೆಯ ಮಾತೆಂದರೆ ಊರಿಗೆ ಕಲ್ಲಿನ ಮೇಲೆ ಕೊರೆದ ಗೆರೆ.

ಕೆಳಗಡೆ ಎಲ್ಲೋ ಹೊಳೆಗೆ ಅಡ್ಡಗೋಡೆ ಕಟ್ಟಿದರು. ಸಾಹೇಬರು ಜೀಪಿನಲ್ಲಿ ಬಂದು, ಕಾಳುಕಡಿ ಕಟ್ಟಿಕೊಂಡು ಮೇಲಿನ ಮಡ್ಡಿನೆಲಕ್ಕೆ ಹೋಗಿರಿ ಎಂದರು. ಅಡಿವೆಪ್ಪನೆಂಬ ಹಿರಿಯ ಒಕ್ಕಲಿಗ, ಹೊಳೆ ಕಾಣುವ ಮೊದಲೇ ಕೆರ ಬಿಟ್ಟರಂತೆ ಎಂದು ನಕ್ಕ. ಆದರೂ ಮನಸ್ಸು ತಡೆಯದೆ, ಜೋಳವನ್ನಾದರೂ ಹೊತ್ತು ಹೋಗೋಣವೇ ಎಂದು ಸಾವಂತ್ರೆವ್ವನನ್ನು ಕೇಳಿದ. "ಬಂದ ಹೊಳಿ ಹೋಗದ ಎಲ್ಲಿ ಉಳಿದೀತು? ಹಗೇವು ಮುಚ್ರಿ," ಎಂದಳು ಆಕೆ. ಊರಿಗೆ ಊರೇ ಬಿತ್ತನೆ ಬೀಜವನ್ನು ನೆಲಕ್ಕಿಳಿಸಿ ಗುಡ್ಡ ಹತ್ತಿತು.

ನೀರು ಬಂತು. ಸದ್ದಿಲ್ಲ, ಸೆಳವಿಲ್ಲ, ಕೆಂಪು ಬಣ್ಣವೂ ಇಲ್ಲ. ಇದು ತಾನು ಬಲ್ಲ ಹೊಳೆಯಲ್ಲ ಎಂದು ಸಾವಂತ್ರೆವ್ವನಿಗೆ ಆಗಲೇ ಅನಿಸಿತ್ತು, ಆದರೂ ರೂಢಿಯಂತೆ ನೀರಂಚಿಗೆ ಇಳಿದಳು. ಗೂಟ ನೆಟ್ಟಳು, ಮುಳುಗಿತು. ಇನ್ನೊಂದು ನೆಟ್ಟಳು, ಅದೂ ಮುಳುಗಿತು. ಮೂರು ದಿನ ಹೋಗಿ ಹುಣ್ಣಿಮೆ ಬಂತು, ಅಮಾವಾಸ್ಯೆ ಬಂತು. ಹಸಿದ ಕೂಸುಗಳ ಅಳು ತಾಳಲಾರದೆ ಮಂದಿ ಮಡ್ಡಿಯ ಕಲ್ಲುನೆಲಕ್ಕೆ ಹೊರಟರು. ಒಬ್ಬರೂ ಆಕೆಯನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎಲ್ಲರೂ ಕರೆದರೂ ಆಕೆ ಗುಡ್ಡ ಬಿಡಲಿಲ್ಲ. ನೀರಿಳಿದು, ಹಗೇವು ತೆಗೆಸಿ, ಅವರವರ ಬೀಜ ಅವರವರ ಉಡಿಗೆ ಹಾಕುವವರೆಗೆ ತನ್ನ ಮಾತು ಹುಸಿಯೆಂಬುದೊಂದೇ ಆಕೆಯನ್ನು ತಿನ್ನುತ್ತಿತ್ತು.

ಬಿರುಬೇಸಗೆಯಲ್ಲಿ ನೀರು ಇಳಿಯತೊಡಗಿತು. ಸಾವಂತ್ರೆವ್ವ ಕುಣಿಯುವುದೊಂದು ಬಾಕಿ. ಗೂಟಗಳನ್ನು ಕೀಳುತ್ತ, ಸೆರಗಿಗೆ ತುಂಬಿಕೊಳ್ಳುತ್ತ ಕೆಳಗಿಳಿದಳು. ಸುದ್ದಿ ಮುಟ್ಟಿ ಮಡ್ಡಿಯವರು ಚೀಲ ಹಿಡಿದು ಓಡಿಬಂದರು. ಅಡಿವೆಪ್ಪ ಹಾರೆ ಹಾಕಿ ಮೊದಲ ಹಗೇವಿನ ಕಲ್ಲು ಎತ್ತಿದ. ಬಂದ ನಾತಕ್ಕೆ ಮಂದಿ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ಆಕೆ ಮಾತ್ರ ಬಗ್ಗಿ ಒಳಗೆ ಕೈಯಿಟ್ಟಳು. ಕರೀ ರಾಡಿ ಬಂತು, ಅದರಲ್ಲಿ ಒಂದಾದರೂ ಗಟ್ಟಿ ಕಾಳು ಸಿಕ್ಕೀತೆಂದು ಬೆರಳುಗಳಲ್ಲಿ ತಿಕ್ಕಿ ನೋಡಿದಳು. ಒಂದಾದ ಮೇಲೆ ಒಂದು, ಎಲ್ಲ ಹಗೇವುಗಳ ಹಣೆಬರಹವೂ ಅದೇ ಆಗಿತ್ತು.

"ನಡಿಯವ್ವಾ, ನಮ್ಮ ಸಂಗಾಟ ಬಾ," ಎಂದ ಅಡಿವೆಪ್ಪ.

"ಹೊಳಿ ತಾನ ಬರ್ತಿತ್ತು, ತಾನ ಹೋಗ್ತಿತ್ತು. ಇದನ್ನ ಯಾರೋ ಬಿಡ್ತಾರ, ಯಾರೋ ತಡೀತಾರ. ಇದರ ಮಾತು ನನಗ ತಿಳಿಯಂಗಿಲ್ಲೋ ಯಪ್ಪಾ. ತಿಳೀತದ ಅಂತ ನಿಮ್ಮನ್ನೆಲ್ಲ ಮುಳುಗಿಸಿದೆ."

ಅಷ್ಟು ಹೇಳಿ ಆಕೆ ಸೆರಗಿನ ಗೂಟಗಳೊಂದಿಗೆ ಗುಡ್ಡ ಹತ್ತಿದಳು. ನೀರು ಇಳಿದೇ ಇಲ್ಲವೆಂಬಂತೆ, ಕಿತ್ತ ಒಂದೊಂದನ್ನೂ ಅದರದರ ಕುಳಿಯಲ್ಲೇ ಮತ್ತೆ ನೆಟ್ಟು ಕಲ್ಲಿನಿಂದ ಬಡಿದಳು. ಮುಂದಿನ ಮಳೆಗೆ ನೀರು ಮೇಲೇರಿದಾಗ ಮಡ್ಡಿಯವರು ದೋಣಿ ತಂದು ಹುಡುಕಿದರು. ಆಕೆ ಸಿಗಲಿಲ್ಲ. ನೀರಿಗಿಳಿದಳು ಎನ್ನುವವರಿದ್ದಾರೆ, ದೇಶಾಂತರ ಹೋದಳು ಎನ್ನುವವರೂ ಇದ್ದಾರೆ. ಅಂದಿನಿಂದ ಅದು ಗೂಟದವ್ವನ ಗುಡ್ಡ.

ಹಳೆಯ ಗೂಟ ಲಡ್ಡಾಗಿ ಮುರಿದರೆ ಮಡ್ಡಿಯ ಹೆಂಗಸರು ಬಂದು ಅದೇ ಕುಳಿಗೆ ಹೊಸ ಜಾಲಿ ಬಡಿಯುತ್ತಾರೆ. ಪೂಜೆಯಿಲ್ಲ, ಹಾಡಿಲ್ಲ. ಈಗಲೂ ದೋಣಿಯಲ್ಲಿ ಬಂದ ಪ್ರವಾಸಿಗರು ಆಟಕ್ಕೆಂದು ಒಂದು ಗೂಟ ಅಲ್ಲಾಡಿಸಿದರೆ, ದೋಣಿ ನಡೆಸುವವನು ಹುಟ್ಟು ಕೆಳಗಿಟ್ಟು ತಡೆಯುತ್ತಾನೆ.

"ಕೀಳಬ್ಯಾಡ್ರಿ. ಕಿತ್ತವ್ರು ಕೆಳಗ ಹೋಗಿ ಒಲಿ ಹಚ್ಚಬೇಕಾಗ್ತದ."

ಅವರು ದೋಣಿಯ ಅಂಚಿನಿಂದ ಕೆಳಗೆ ಬಗ್ಗಿ ನೋಡುತ್ತಾರೆ. ಬರೀ ನೀರು ಕಾಣುತ್ತದೆ.