ಏಡಿಯ ಚಿತ್ರ ಅಳಿಸಲು ಬಂದ ಕಡಲು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಕಡಲು ದಡ ಹತ್ತುತ್ತಿರಲಿಲ್ಲ. ತನ್ನ ಪಾಡಿಗೆ ತಾನು ಕೆಳಗೇ ಮಲಗಿರುತ್ತಿತ್ತು.

ದಡದಲ್ಲಿ ಚಿಪ್ಪಿ ಎಂಬ ಪುಟ್ಟ ಏಡಿ ಇದ್ದಳು. ಊರಿಗೆಲ್ಲ ಅವಳೇ ವೈದ್ಯೆ. ಬೇರಿಲ್ಲ, ಕಷಾಯವಿಲ್ಲ, ಮರಳನ್ನು ಉಂಡೆ ಕಟ್ಟಿ, ಕೆಂಪು, ಕಪ್ಪು, ಬಿಳಿ ಸಾಲು ಜೋಡಿಸಿ ಚಿತ್ರ ಬರೆಯುವಳು. ಕಾಯಿಲೆಯವರು ನಡುವೆ ಕೂತರೆ ಕಾಯಿಲೆ ಮರಳಿಗೆ ಇಳಿಯುತ್ತಿತ್ತು. ಆದರೆ ಹೊತ್ತು ಮುಳುಗುವ ಮೊದಲು ಚಿತ್ರ ಅಳಿಸಬೇಕು. ಉಳಿಸಿದರೆ, ಇಳಿದದ್ದು ಮತ್ತೆ ಮೈ ಹತ್ತುತ್ತದೆ.

ಒಂದು ದಿನ ಮೀನುಗಾರ್ತಿ ಗಣಪಿ ಮಗಳು ತುಂಗಿಯನ್ನು ಎತ್ತಿಕೊಂಡು ಓಡಿಬಂದಳು. ಮಗುವಿನ ಮೈ ಕಾವಲಿಯಂತೆ ಸುಡುತ್ತಿತ್ತು.

"ನಂಗಿಪ್ಪುದು ಇವಳೊಬ್ಳೇ, ಚಿಪ್ಪಕ್ಕ. ಹ್ಯಾಂಗಾರೂ ಉಳ್ಸು!"

ಜ್ವರ ದೊಡ್ಡದು. ಚಿಪ್ಪಿ ಎಂದೂ ಬರೆಯದಷ್ಟು ದೊಡ್ಡ ಚಿತ್ರ ಬರೆದಳು. ತುಂಗಿ ನಡುವೆ ಕೂತಳು, ಬೆವರಿದಳು, ಕಣ್ಣು ಬಿಟ್ಟು ಗಂಜಿ ಕೇಳಿದಳು.

"ಇನ್ನ್ ಅಳ್ಸು" ಎಂದಳು ಗಣಪಿ.

ಚಿಪ್ಪಿಗೆ ಚಿತ್ರದಿಂದ ಕಣ್ಣು ಕೀಳಲಾಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಇದು ಹೆಗ್ಗಣವೂ ಅಲ್ಲ, ನವಿಲು! ಇಷ್ಟು ಚೆಂದದ್ದನ್ನು ಕೆಡಿಸುವುದು ಹೇಗೆ?

"ತಡಿ, ಇನ್ನೊಂದ್ಸಲ ಕಾಣ್ತೆ" ಎಂದು ನೋಡುತ್ತಾ ನಿಂತಳು. ಒಂದು ಸಲ ಎರಡಾಯಿತು, ಎರಡು ಹತ್ತಾಯಿತು.

ಸೂರ್ಯ ನೀರು ಮುಟ್ಟಿದ. ತುಂಗಿಯ ಹಲ್ಲು ಕಟಕಟ ಅಂದವು. ಮೈ ಮತ್ತೆ ಸುಡತೊಡಗಿತು.

"ಅಯ್ಯೋ, ಜ್ವರ ತಿರುಗಿ ಬಂತ್ ಮಾರಾಯ್ತಿ!"

ಚಿಪ್ಪಿ ಚಿತ್ರದ ಮೇಲೆ ಹಾರಿದಳು. ಕಾಲಿಂದ ಒರೆಸಿದಳು, ಅದರ ಮೇಲೆಲ್ಲ ಹೊರಳಾಡಿದಳು. ಗಣಪಿ ಮಗುವನ್ನು ಸೊಂಟಕ್ಕೇರಿಸಿ ಕಾಲಿಂದ ಕೆದರಿದಳು. ದಡದುದ್ದಕ್ಕೂ ಹರಡಿದ್ದ ಚಿತ್ರ. ಒಂದು ಮೂಲೆಯೂ ಪೂರ್ತಿ ಹೋಗಲಿಲ್ಲ.

"ಕಡಲಮ್ಮಾ, ಮೇಲ್ ಬಾ!" ಚಿಪ್ಪಿ ಕೂಗಿದಳು.

"ಬತ್ತೆ" ಎಂದಿತು ಕಡಲು. "ಆದ್ರೆ ದಾರಿ ಕಂಡ ಮೇಲೆ ದಿನಾ ಬತ್ತೆ. ನೀ ಬರ್ದ ಒಂದ್ ಗೆರೆಯೂ ನಾಳೆಗೆ ಉಳಿಯುದಿಲ್ಲ. ಅಡ್ಡಿಲ್ಯಾ?"

ಚಿಪ್ಪಿ ಚಿತ್ರವನ್ನು ನೋಡಿದಳು. ತುಂಗಿಯನ್ನು ನೋಡಿದಳು. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು.

"ಬಾ!" ಎಂದು ಕಿರುಚಿದಳು.

ಕಡಲು ಮೊದಲ ಸಲ ದಡ ಹತ್ತಿತು. ಒಂದೇ ಅಲೆ. ಕೆಂಪಿಲ್ಲ, ಕಪ್ಪಿಲ್ಲ, ಬಿಳಿಯಿಲ್ಲ. ಆಮೇಲೆ ಸೂರ್ಯ ಮುಳುಗಿದ. ತುಂಗಿ ಜ್ವರವಿಳಿದು ಅಮ್ಮನ ಹೆಗಲ ಮೇಲೆ ನಿದ್ದೆ ಹೋದಳು. ಚಿಪ್ಪಿ ಬರಿ ಮರಳಲ್ಲಿ ಕೂತು ಸಂತೋಷಕ್ಕೂ ದುಃಖಕ್ಕೂ ಒಟ್ಟಿಗೇ ಅತ್ತಳು.

ಅದಕ್ಕೇ ನೋಡು ಮಗು, ಇವತ್ತಿಗೂ ನೀರು ಇಳಿದಾಗ ಪುಟಾಣಿ ಏಡಿಗಳು ಮರಳುಂಡೆ ಉರುಳಿಸಿ ದಡದ ತುಂಬ ಚಿತ್ರ ಬರೆಯುತ್ತವೆ. ಕಡಲು ಏರಿ ಬಂದು ಅಷ್ಟನ್ನೂ ಅಳಿಸುವಾಗ ಒಂದು ಏಡಿಯೂ ಬೇಡ ಅನ್ನುವುದಿಲ್ಲ.