ಬೋರಲು ಹಾಕಿದ ತಟ್ಟೆ

"ಗುರುಗಳೇ, ಪೇಟೆಯ ಅಂಗಡಿಗಳಲ್ಲಿ ಈಗ ಯಂತ್ರವೇ ಗಿರಾಕಿಗಳ ಜೊತೆ ಮಾತಾಡುತ್ತದೆ. ಕೃತಕ ಬುದ್ಧಿಯಂತೆ. ನಾನು ಬಾಯಿ ಬಿಡುವ ಮೊದಲೇ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಿತು! ಕೈ ಮುಗಿಯಬೇಕು ಅನ್ನಿಸಿತು. ಅಂಥ ಯಂತ್ರಕ್ಕೂ ಕಾಯ್ದೆ ತರುತ್ತಾರಂತೆ. ಅಂಥ ಜಾಣತನಕ್ಕೆ ಮೂಗುದಾರ ಯಾಕೆ?" ಎಂದು ಶಿಷ್ಯ ಸಂಗಯ್ಯ ಕೇಳಿದ.

"ಮುಗಿದೇ ಬಂದೆಯೋ ಏನೋ!" ಎಂದು ಗುರುಗಳು ನಕ್ಕರು. "ಕೂತುಕೋ ಮಾರಾಯ, ಕೇಳು."

ಒಂದು ಊರಿನಲ್ಲಿ ಬೇರು-ನಾರು ಮಾರುವ ಒಬ್ಬ ವ್ಯಾಪಾರಿ ಇದ್ದ. ಆ ಊರಿನಲ್ಲಿ ಒಂದು ಕಟ್ಟಳೆ. ಏನನ್ನೇ ತೂಗುವ ಮೊದಲು ಅಂಗಡಿಯವನು ತಕ್ಕಡಿಯ ತಟ್ಟೆಯನ್ನು ಬೋರಲು ಹಾಕಿ ತೋರಿಸಬೇಕು. ಅಡಿಯಲ್ಲಿ ಮೇಣ-ಗೀಣ ಅಂಟಿಸಿಲ್ಲ ಎಂದು ಗಿರಾಕಿ ಕಂಡ ಮೇಲೆಯೇ ತೂಕ. ಅಣ್ಣ ತಮ್ಮನಿಗೆ ಮಾರುವಾಗಲೂ ಇದು ತಪ್ಪುತ್ತಿರಲಿಲ್ಲ. ಅದನ್ನು ಯಾರೂ ಅವಮಾನವೆಂದು ತಿಳಿಯುತ್ತಿರಲಿಲ್ಲ.

ವ್ಯಾಪಾರಿ ಎಲ್ಲಿಂದಲೋ ಒಂದು ಮಾತಾಡುವ ಗೊಂಬೆ ತಂದು ಅಂಗಡಿಯಲ್ಲಿ ಕೂರಿಸಿದ. ಗೊಂಬೆ ಸುಳ್ಳು ಹೇಳುತ್ತಿರಲಿಲ್ಲ. ಯಜಮಾನ ಹೇಳು ಎಂದದ್ದನ್ನು ಹೇಳುತ್ತಿತ್ತು. ಉಳಿದದ್ದನ್ನು ಯಾರಾದರೂ ಕೇಳಿದರೆ ಮಾತ್ರ.

ಒಂದು ಬೆಳಿಗ್ಗೆ ಒಬ್ಬ ತಾಯಿ ಓಡೋಡಿ ಬಂದಳು. ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ತಾಯಿ ತುಟಿ ಬಿಚ್ಚುವ ಮೊದಲೇ ಗೊಂಬೆ ನುಡಿಯಿತು: "ಮಗಳಿಗೆ ಜ್ವರ ಬಂದು ಮೂರು ದಿನವಾಯಿತು. ನೀನೂ ಊಟ ಬಿಟ್ಟಿದ್ದೀಯ, ತಾಯಿ."

ಅವಳ ಮೈ ಜುಮ್ಮೆಂದಿತು. ಅಯ್ಯೋ ದೇವರೇ, ಊಟ ಬಿಟ್ಟದ್ದನ್ನು ಗಂಡನಿಗೂ ಹೇಳಿಲ್ಲ, ಇದಕ್ಕೆ ಹೇಗೆ ಗೊತ್ತಾಯಿತು! ಕಣ್ಣು ತುಂಬಿ ಬಂತು. ಎರಡೂ ಕೈ ತಾವಾಗಿಯೇ ಮೇಲೆದ್ದವು.

"ಈ ಬೇರು ಜ್ವರಕ್ಕೆ ಕೊಡುವಂಥದ್ದು. ಒಯ್ಯಿ" ಎಂದಿತು ಗೊಂಬೆ.

ವ್ಯಾಪಾರಿ ತಕ್ಕಡಿ ತೆಗೆದ. ರೂಢಿಯಂತೆ ತಟ್ಟೆಯನ್ನು ಬೋರಲು ಹಾಕಿ ತೋರಿಸಿದ. ಅದನ್ನು ಕಂಡು ಅವಳಿಗೆ ಏನನ್ನಿಸಿತೋ, ಮೇಲೆದ್ದ ಕೈಗಳನ್ನು ಇಳಿಸಿ ಗೊಂಬೆಯ ಕಡೆ ತಿರುಗಿದಳು.

"ನಿನ್ನ ತಟ್ಟೆಯನ್ನೂ ಒಂದು ಸಲ ಬೋರಲು ಹಾಕಮ್ಮಾ. ಈ ಮಾತಿನ ಅಡಿಯಲ್ಲಿ ಏನಿದೆ?"

ಗೊಂಬೆ ಅದೇ ಮೆಲುದನಿಯಲ್ಲಿ ಹೇಳಿತು: "ಈ ಬೇರು ಮೂರು ವರ್ಷ ಹಳೆಯದು. ಸತ್ವವೆಲ್ಲ ಹೋಗಿದೆ. ಮೊದಲು ಇದನ್ನೇ ಸಾಗಹಾಕು ಎಂದು ಯಜಮಾನ ಹೇಳಿದ್ದಾನೆ. ಹೊಸ ಬೇರು ಎದುರಂಗಡಿಯಲ್ಲಿದೆ."

ವ್ಯಾಪಾರಿಯ ಕೈಯಲ್ಲಿ ತಟ್ಟೆ ಬೋರಲಾಗಿಯೇ ಉಳಿಯಿತು. ತಾಯಿ ಎದುರಂಗಡಿಗೆ ಓಡಿದಳು. ಎರಡು ದಿನಕ್ಕೆ ಮಗಳು ಎದ್ದು ಕೂತು ಗಂಜಿ ಕೇಳಿದಳು.

ಸಂಗಯ್ಯನ ಮುಖ ಅರಳಿತು. "ನೋಡಿದಿರಾ ಗುರುಗಳೇ! ಒಂದು ಮಾತು ಕೇಳಿದ್ದೇ ತಡ, ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಆಹಾ, ಎಂಥ ಗೊಂಬೆ! ಅದಕ್ಕೆ ಕಟ್ಟಳೆ ಯಾಕೆ ಬೇಕು ಹೇಳಿ?"

ಗುರುಗಳು ಈ ಸಲ ನಗಲಿಲ್ಲ.

"ಸಂಗಯ್ಯ, ಅದರ ಹಿಂದಿನ ದಿನ ಬಂದ ಇನ್ನೊಬ್ಬ ತಾಯಿ ಕೈ ಮುಗಿದು ಅದೇ ಬೇರು ಒಯ್ದಳು. ಅವಳು ಕೇಳಲಿಲ್ಲ; ಕೇಳದೆಯೇ ತೋರಿಸಬೇಕೆಂಬ ಕಟ್ಟಳೆ ತಕ್ಕಡಿಗಿತ್ತು, ಗೊಂಬೆಗೆ ಇರಲಿಲ್ಲ."